ಅಂತರರಾಷ್ಟ್ರೀಯ ಜುಟ್ಟು

ಅತಿಥಿ ಗೆಲ್ಲಲಿ ಎಂದು ನಾವೇ ಬೇಕೆಂತಲೇ ಸೋತೆವು ಅಂತ ನಮ್ಮೂರಿನವರು ಈಗ ಕಿಬ್ಬನಹಳ್ಳಿಯವರೆಗೂ ಹೇಳಿಕೊಂಡು ತಿರುಗುತ್ತಿದ್ದಾರೆ. ಶುದ್ಧ ಸುಳ್ಳು. ಸೋತದ್ದು ನಮ್ಮಪ್ಪ. ಸೋಲಿಸಿದ್ದು ನಾನು.

ದೇಶವೇ ಯಾವುದೋ ದೊಡ್ಡ ಕ್ರೀಡಾಕೂಟಕ್ಕೆ ಆತಿಥ್ಯ ವಹಿಸುತ್ತದಂತೆ ಎಂಬ ಸುದ್ದಿ ಓದಿ ನಮ್ಮೂರ ಯುವಕ ಸಂಘಕ್ಕೂ ಹುಮ್ಮಸ್ಸು ಬಂತು. ಕಬಡ್ಡಿ, ಹಗ್ಗಜಗ್ಗಾಟ, ತೆಂಗಿನಕಾಯಿ ಸುಲಿಯುವ ಸ್ಪರ್ಧೆ ಎಲ್ಲ ಪ್ರತಿವರ್ಷದವೇ. ಬ್ಯಾನರಿಗೆ ಮಾತ್ರ ‘ಅಂತರರಾಷ್ಟ್ರೀಯ’ ಸೇರಿತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರ, ವಿರೋಧ ಎರಡೂ ಕಡೆ ನಿಂತು ಬಹುಮಾನದ ಕಪ್ಪು ತಂದವಳು ನಾನು, ಸುಮ್ಮನಿರಲಾದೀತೆ? “ಇನ್ನೊಂದು ರಾಷ್ಟ್ರ ಎಲ್ಲಿದೆ?” ಎಂದೆ. ಅಧ್ಯಕ್ಷ ರುದ್ರೇಶಣ್ಣ ಎದುರಿನ ಹೋಟೆಲಿನ ಅಡುಗೆಯವನತ್ತ ಕೈ ತೋರಿಸಿ, “ನಮ್ ಥಾಪ ನೇಪಾಳದೋನಲ್ವೇನಮ್ಮ?” ಎಂದ. ಒಬ್ಬನೇ ಮನುಷ್ಯ ಒಂದು ರಾಷ್ಟ್ರವಾಗುತ್ತಾನೆಯೇ ಎಂದು ಅರ್ಧ ಗಂಟೆ ಕೊರೆದೆ. ನನ್ನ ಬಾಯಿ ಮುಚ್ಚಿಸಲು ನಿಯಮ ಬರೆಯುವುದನ್ನೂ ತೀರ್ಪು ಕೊಡುವುದನ್ನೂ ನನಗೇ ಒಪ್ಪಿಸಿದರು. ಬರೆದೆ: ‘ಸುಲಿದ ಕಾಯಿಯ ಮೇಲೆ ಒಂದೆಳೆ ನಾರೂ ಉಳಿಯತಕ್ಕದ್ದಲ್ಲ.’

ಈ ಸ್ಪರ್ಧೆಯಲ್ಲಿ ಅಪ್ಪ ಸೋತದ್ದೇ ಇರಲಿಲ್ಲ. ಬೇರೆ ಯಾವುದಕ್ಕೂ ಅವನ ಹೆಸರನ್ನು ಮೈಕಿನಲ್ಲಿ ಕೂಗಿದವರೂ ಇಲ್ಲ. ನೆಲಕ್ಕೆ ನೆಟ್ಟ ಹಾರೆಗೆ ಕಾಯಿ ಚುಚ್ಚಿ ಮೂರು ಸಲ ತಿರುವಿದರೆ ಸಿಪ್ಪೆ ಕಳಚಿ ಬೀಳುತ್ತದೆ. ಅಪ್ಪನಿಗೂ ಥಾಪನಿಗೂ ತಲಾ ಐದು ಕಾಯಿ. ಥಾಪ ಮೂರನೆಯದರಲ್ಲಿ ಹೆಣಗುತ್ತಿದ್ದಾಗ ಅಪ್ಪ ಐದನ್ನೂ ಮುಗಿಸಿ ಬೆವರು ಒರೆಸಿಕೊಳ್ಳುತ್ತಿದ್ದ. ಆದರೆ ಐದಕ್ಕೂ ಜುಟ್ಟು ಬಿಟ್ಟಿದ್ದ. ಕಾಯಿಯ ಕಣ್ಣು ಮುಚ್ಚುವ ಆ ಜುಟ್ಟಿಲ್ಲದಿದ್ದರೆ ಅದು ಪೂಜೆಗೂ ಸಲ್ಲದು, ಬಹಳ ದಿನ ಇಡಲಿಕ್ಕೂ ಬಾರದು. ಅಷ್ಟು ವರ್ಷ ಪಳಗಿದ ಕೈ ನನ್ನ ನಿಯಮಾವಳಿ ಓದಿರಲಿಲ್ಲ. ದಿನಾ ಚಟ್ನಿಗೆ ಸುಲಿಯುವ ಥಾಪನ ಐದೂ ನುಣ್ಣಗೆ ಬೋಳಾಗಿದ್ದವು.

“ಜುಟ್ಟು ನಾರಲ್ಲ ಕಣಮ್ಮ, ಅದು ಕಾಯಿಗೇ ಸೇರಿದ್ದು,” ಎಂದು ಜನ ಗಲಾಟೆ ಎಬ್ಬಿಸಿದರು. ರುದ್ರೇಶಣ್ಣ ಮೈಕನ್ನು ನನ್ನ ಕೈಗಿಟ್ಟು, “ನೀನೇ ಯೋಳವ್ವ,” ಎಂದ. ನನಗೆ ಎರಡೂ ಕಡೆಯ ವಾದ ಬರುತ್ತಿತ್ತು. ನಮ್ಮವರಿಗಾಗಿ ನಿಯಮ ಸಡಿಲಿಸುವುದಾದರೆ ಅತಿಥಿಯನ್ನು ಕರೆದದ್ದೇಕೆ ಎಂದು ಮೂರೇ ನಿಮಿಷದಲ್ಲಿ ಅಪ್ಪನನ್ನು ಕೆಡವಿದೆ. ಚಪ್ಪಾಳೆ ಬಿತ್ತು. ಅಭ್ಯಾಸಬಲದಿಂದ ತಲೆಬಾಗಿಸಿದೆ ಕೂಡ.

ಥಾಪನೇ ನಾಚಿಕೊಂಡು ಕಪ್ಪನ್ನು ಅಪ್ಪನ ಮುಂದೆ ಹಿಡಿದ. “ಯಜಮಾನ್ರೇ, ಫಸ್ಟು ಮುಗ್ಸಿದ್ದು ನೀವೇ, ತಗೊಳಿ.”

“ಇಟ್ಕೊಳಪ್ಪ. ನನ್ ಮಗಳು ಓದಿರೋಳು, ಸುಮ್ ಸುಮ್ನೆ ಯೋಳಕ್ಕಿಲ್ಲ,” ಎಂದು ಅಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ನಡೆದ.

ಅವನು ಸಿಟ್ಟು ಮಾಡಿಕೊಂಡಿದ್ದರೆ ವಾದಿಸಿ ಗೆಲ್ಲಬಹುದಿತ್ತು. ಅಪ್ಪ ಚೆನ್ನಾಗಿಯೇ ಇದ್ದಾನೆ. ಕಾಫಿ ಕುಡಿಯುತ್ತಾನೆ, ಹಸುವಿಗೆ ಬೈಯುತ್ತಾನೆ, ನನಗೆ ಎಳನೀರು ಕೆತ್ತಿ ಕೊಡುತ್ತಾನೆ. ಎಂಥ ತೀರ್ಪುಗಾರರ ಎದುರೂ ತಡವರಿಸದ ನನಗೆ ಒಂದು ವಾಕ್ಯ ಜೋಡಿಸಲು ಮೂರು ದಿನ ಹಿಡಿಯಿತು. ಇವತ್ತು ಬೆಳಿಗ್ಗೆ ಅಂತೂ ಎದುರು ಕೂತು ಕೇಳಿದೆ:

“ಅಪ್ಪಾ, ನಾನು ನಿನ್ ಪರವಾಗಿ ಮಾತಾಡಿದ್ದಿದ್ರೆ, ಆ ಕಪ್ಪು ಈಸ್ಕೊತಿದ್ಯಾ?”