ಕೈಗೆ ಬಂದ ಅರ್ಧ ಪುಟ

ಪತ್ರಿಕೆಗಳು ಅಚ್ಚು ಹಾಕಿದ ಸುಳ್ಳುಗಳ ಮೇಲೆ ಆರು ವರ್ಷದಿಂದ ಸಂಶೋಧನೆ ಮಾಡುತ್ತಿದ್ದವನಿಗೆ ಅವತ್ತು ಬೆಳಿಗ್ಗೆ ಸಾರ್ವಜನಿಕ ಗ್ರಂಥಾಲಯದಲ್ಲಿ ನಿಧಿಯೇ ಸಿಕ್ಕಿತು: ಬದುಕಿದ್ದ ಮೇಷ್ಟರೊಬ್ಬರಿಗೆ ಶ್ರದ್ಧಾಂಜಲಿ ಬರೆದಿದ್ದ ಹಳೇ ಪುಟ. ಆಸೆಯಿಂದ ಮುಟ್ಟಿದ. ಅರ್ಧ ಪುಟ ಕೈಗೆ ಬಂತು. ಉಳಿದರ್ಧ ತರಗೆಲೆಯಂತೆ ಪುಡಿಯಾಯಿತು.

ಓದುವ ಕೋಣೆಯ ನಿವೃತ್ತರೆಲ್ಲ ಬೆಲ್ಲ ಕಂಡ ಇರುವೆಗಳಂತೆ ಮುತ್ತಿದರು.

“ಹರಿದ್ಬಿಟ್ರಾ?” ಎಂದರು ನಿವೃತ್ತ ಪೋಸ್ಟ್‌ಮಾಸ್ಟರು, ಸಂತೋಷ ತಡೆಯಲಾರದೆ. “ಲೈಬ್ರರಿಯಮ್ಮ ನೋಡೋದ್ರೊಳಗೆ ಅಂಗಿಯೊಳಗೆ ತುರುಕಿ. ಯೂನಿವರ್ಸಿಟಿ ಲೈಬ್ರರೀಲಿ ಇದೇ ಪೇಪರ್ ಇದೆ. ಜೆರಾಕ್ಸ್ ತಂದು ಅಂಟಿಸಿ, ಯಾರಿಗ್ ಗೊತ್ತಾಗುತ್ತೆ?”

ಬಿಟ್ಟಿ ಸಲಹೆ ಕೇಳಿ, ಅರ್ಧ ಪುಟವನ್ನು ಅಂಗಿಯೊಳಗೆ ತುರುಕಿಕೊಂಡು ಯೂನಿವರ್ಸಿಟಿ ಲೈಬ್ರರಿಗೆ ಹೋದ. ಗೈಡ್ ಪ್ರೊಫೆಸರು ಕೊಟ್ಟ ಪರಿಚಯಪತ್ರ ತೋರಿಸಿ ಒಳಗೆ ನುಗ್ಗಿದ. ಸಂಪುಟ ಬಿಚ್ಚಿದರೆ, ಅದೇ ಪುಟವನ್ನು ಯಾವ ಪುಣ್ಯಾತ್ಮನೋ ಎಂದೋ ಬ್ಲೇಡಿನಲ್ಲಿ ಕತ್ತರಿಸಿದ್ದ!

ಪೆಚ್ಚುಮೋರೆ ಹಾಕಿಕೊಂಡು ಹೊರಟವನ ಅಂಗಿ ಸರಸರ ಎಂದಿತು. ಕಾವಲುಗಾರ ಕೈಹಾಕಿ ಅರ್ಧ ಪುಟವನ್ನು ಹೊರಗೆಳೆದ. ಲೈಬ್ರರಿಯವರು ಸಂಪುಟ ತರಿಸಿ ನೋಡಿದರು. ಅದೇ ತಾರೀಖು, ಅದೇ ಪುಟ.

“ಉಳಿದರ್ಧ ಎಲ್ಲಿ?”

“ಪುಡಿಯಾಯ್ತು.”

“ನುಂಗಿಬಿಟ್ಯಾ?”

ಗಲಾಟೆ ಕೇಳಿ, ಅಲ್ಲೇ ತಣ್ಣಗೆ ನಿದ್ದೆ ಹೊಡೆಯುತ್ತಿದ್ದ ವರದಿಗಾರನೊಬ್ಬ ಎದ್ದು ಬಂದ. ಮೇಜಿನ ಮೇಲಿದ್ದ ಪರಿಚಯಪತ್ರದ ಕೊನೆಯಲ್ಲಿದ್ದ ಹೆಸರು ಗೀಚಿಕೊಂಡು ಓಡಿದ. ಮಧ್ಯಾಹ್ನದ ಪತ್ರಿಕೆಯಲ್ಲಿ ‘ಪುಟಗಳ್ಳ ಪ್ರೊಫೆಸರ್ ಬಲೆಗೆ!’ ಎಂದು ಗೈಡಿನ ಹೆಸರೇ ದಪ್ಪಕ್ಷರದಲ್ಲಿ ಕೂತಿತ್ತು.

“ನಾಡಿದ್ದು ನನಗೆ ಸನ್ಮಾನ ಕಣಯ್ಯಾ!” ಫೋನಿನಲ್ಲಿ ಪ್ರೊಫೆಸರು ಗುಡುಗಿದರು. “ನನ್ನ ಹೆಸರು ತೆಗೆಸದಿದ್ರೆ ನಿನ್ನ ಪಿಎಚ್.ಡಿ.ಗೆ ಎಳ್ಳುನೀರು!”

ಅವನು ಪತ್ರಿಕಾ ಕಚೇರಿಗೆ ಓಡಿದ. ಸಂಪಾದಕರು ಜಪ್ಪಯ್ಯ ಎನ್ನಲಿಲ್ಲ. ಎರಡು ಗಂಟೆ ಗೋಗರೆದ ಮೇಲೆ ಕನ್ನಡಕ ಏರಿಸಿದರು.

“ಆಯ್ತಪ್ಪ, ತಿದ್ದೋಣ. ನಿಮ್ಮ ಹೆಸರು?”

ದೂರಿನ ಪುಸ್ತಕಕ್ಕಿರಬೇಕೆಂದು ಅವನು ಒಂದೊಂದೇ ಅಕ್ಷರ ಬಿಡಿಸಿ ಬರೆಸಿದ. ಕೇಳಿದರೆಂದು ಫೋಟೋವನ್ನೂ ಕೊಟ್ಟ.

ಸಂಜೆಯ ಆವೃತ್ತಿ ಮುಖಪುಟದಲ್ಲೇ ತಿದ್ದುಪಡಿ ಹಾಕಿತ್ತು: ‘ಪುಟ ಕದ್ದವರು ಪ್ರೊಫೆಸರಲ್ಲ, ಇವರು.’ ಕೆಳಗೆ ಅವನ ನಗುಮುಖ.

ಅವನು ಪ್ರೊಫೆಸರಿಗೆ ಫೋನು ಮಾಡಿದ. “ಸರ್, ಅದೆಲ್ಲ ಸುಳ್ಳು. ನಾನು ಕದ್ದಿಲ್ಲ!”

“ಮುಚ್ಚಯ್ಯ ಬಾಯಿ,” ಎಂದರು ಪತ್ರಿಕಾ ಸುಳ್ಳುಗಳ ಸಂಶೋಧನೆಯ ಗೈಡು. “ಪೇಪರ್‌ನಲ್ಲೇ ಬಂದ್ಮೇಲೆ ಸುಳ್ಳಿರುತ್ತೇನು?”