ಅಕ್ಕ ಬರಲಿ, ಹೆಸರಿಡೋಣ

ಕೊಳ್ಳುವ ಮುಂಚೆ ಪರೀಕ್ಷಿಸದೆ ನಾನು ಏನನ್ನೂ ಮನೆಗೆ ತಂದವನಲ್ಲ. ಕಾರಟಗಿಗೆ ಅಕ್ಕಿ ತರಲು ಹೋದರೆ ಪ್ರತಿ ಚೀಲದಿಂದ ನಾಲ್ಕು ಕಾಳು ಬಾಯಿಗೆ ಹಾಕಿ ಅಗಿಯುತ್ತೇನೆ. ಕಡೆಗೆ ನನ್ನ ಹೊಟ್ಟೆ ತುಂಬಿ ಕೈಚೀಲ ಖಾಲಿಯೇ ವಾಪಸು ಬರುತ್ತದೆ. ಇಂಥವನಿಗೆ, ಕಂಪ್ಯೂಟರಿನೊಳಗೆ ಸ್ಥಾಪಿಸದೆ ಪೆನ್‌ಡ್ರೈವ್‌ನಿಂದಲೇ ಆಪರೇಟಿಂಗ್ ಸಿಸ್ಟಂ ಓಡಿಸಿ ನೋಡಬಹುದು, ಮನಸ್ಸಿಗೆ ಬರದಿದ್ದರೆ ಕಿತ್ತು ಹಾಕಿದರಾಯಿತು ಎಂಬ ಸುದ್ದಿ ಸಿಕ್ಕರೆ ಕೇಳಬೇಕೆ? ನಮ್ಮ ಹಳೆಯ ಲ್ಯಾಪ್‌ಟಾಪ್ ವಾರಕ್ಕೊಂದು ವೇಷ ಹಾಕತೊಡಗಿತು. ಒಂದು ಸಿಸ್ಟಂ ನೋಡಲು ಚೆಂದ, ಆದರೆ ಪ್ರಿಂಟರ್ ಕಂಡರೆ ಅದಕ್ಕಾಗದು. ಇನ್ನೊಂದಕ್ಕೆ ವೈಫೈ ಮೇಲೆ ಮುನಿಸು. ಬಂದ್ ಮಾಡಿದರೆ ಮಾಡಿದ್ದೆಲ್ಲ ಮಾಯ. ಆ ನಿಶ್ಚಿಂತೆ ನನಗೆ ಬಹಳ ಹಿಡಿಸಿತ್ತು.

ಹೆಂಡತಿ ಗಿರಿಜಾಗೆ ಹಿಡಿಸಿರಲಿಲ್ಲ. ಭಾಗ್ಯನಗರದ ನಮ್ಮ ಮನೆಯಲ್ಲೇ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುವವಳು ಅವಳು. ಪರಊರಿನವರೂ ಕೇಳತೊಡಗಿದ್ದರಿಂದ ವೆಬ್‌ಸೈಟ್ ಬೇಕಾಯಿತು. ಅದರ ಹೆಸರು, ಅಂದರೆ ಡೊಮೇನ್, ಕೊಳ್ಳುವ ಕೆಲಸ ನನ್ನದು. ‘ಗಿರಿಜಾರೊಟ್ಟಿ’ ಇನ್ನೂ ಖಾಲಿ ಇತ್ತು.

“ತಗೊಂಡ ಬಿಡ್ರಿ. ಯಾರರ ಹೊಡಕೊಂಡ ಹೋದ್ರ?” ಎಂದಳು.

ನಾನು ಕೇಳಬೇಕಲ್ಲ! ಪಡಸಾಲೆಯಲ್ಲಿ ನಿಂತು ಹತ್ತಾರು ಹೆಸರು ಗಟ್ಟಿಯಾಗಿ ಕೂಗಿ ನೋಡಿದೆ. ಪಕ್ಕದ ಮನೆಯವರು ಯಾರಿಗೆ ಕೂಸಾಯಿತೆಂದು ವಿಚಾರಿಸಿಕೊಂಡು ಹೋದರು. ಆಗ ಹೊಳೆಯಿತು: ನಮ್ಮಲ್ಲಿ ಕೂಸಿಗೆ ಹೆಸರಿಡುವ ಹಕ್ಕು ಸೋದರತ್ತೆಯದು. ಇದೂ ಮನೆಯ ಕೂಸೇ ಅಲ್ಲವೆ?

“ಕುಷ್ಟಗಿಯಿಂದ ಅಕ್ಕ ಬರ್ಲಿ. ಆಕೀನ ಹೆಸರಿಡ್ಲಿ” ಎಂದು ತೀರ್ಪು ಕೊಟ್ಟೆ.

ಅಕ್ಕ ಬಂದಳು. ಅವಳು ಕೈಕಾಲು ತೊಳೆಯುವ ಮೊದಲೇ ಲ್ಯಾಪ್‌ಟಾಪ್ ತೆರೆದೆ. ‘ಗಿರಿಜಾರೊಟ್ಟಿ’ ಯಾರದೋ ಪಾಲಾಗಿತ್ತು! ಒಲೆಯ ಮುಂದೆ ಬೆವರಿಳಿಸಿ ಅವಳು ಗಳಿಸಿದ ಹೆಸರನ್ನು ನನ್ನ ಚಾಳಿಯಿಂದ ಕಳೆದೆನಲ್ಲ ಎಂದು ನಿಜಕ್ಕೂ ಕಣ್ಣು ತುಂಬಿ ಬಂತು.

“ಗಿರಿಜಾ, ತಪ್ಪಾತು” ಎಂದೆ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಅಳಬ್ಯಾಡ್ರಿ. ಅಕ್ಕಾರಿಗೆ ಫೋನ್ ಹಚ್ಚಿ ಕೇಳಿದ್ದೆ. ಅದ ಹೆಸರು ಛಲೋ ಐತಿ, ತಗೋ ಅಂದ್ರು. ಮೊಬೈಲ್‌ನ್ಯಾಗ ನಾನ ತಗೊಂಡೆ. ಹೆಣ್ಣ ನೋಡಾಕ ಬಂದು ಅರ್ಧಾ ತಾಸು ಕುಂತು ಅವಲಕ್ಕಿ ತಿಂದು ಹೋದ ನಿಮ್ಮನ್ನ ಜನ್ಮಕ್ಕ ಒಪ್ಪಿಕೊಂಡಾಕಿ ನಾನು. ಒಂದ್ ಹೆಸರಿಗೆ ಹೆದರ್ತೀನೇನು?”

“ಆವಾಗ ಪೆನ್‌ಡ್ರೈವ್ ಇರಲಿಲ್ಲ ಬಿಡವ್ವಾ” ಎಂದು ಅಕ್ಕ ನಿಟ್ಟುಸಿರಿಟ್ಟಳು.

ತೊಟ್ಟಿಲ ಶಾಸ್ತ್ರದಲ್ಲಿ ಹೆಸರಿಟ್ಟವಳ ಬೆನ್ನಿಗೆ ಎಲ್ಲರೂ ಗುದ್ದುವುದು ನಮ್ಮ ರೂಢಿ. ಇಲ್ಲಿ ಹೆಸರಿಟ್ಟ ಇಬ್ಬರೂ ಸೇರಿ, ಇಡದವನ ಬೆನ್ನಿಗೆ ಗುದ್ದಿದರು. ‘ಮೊದಲು ಮೆಲ್ಲಗೊಂದು ಹೊಡೆದು ನೋಡಿ’ ಅನ್ನುವುದಕ್ಕೂ ಬಿಡಲಿಲ್ಲ.