ಕೈರೋದಿಂದ ಕರಾಚಿಗೆ ಎಷ್ಟು ಹೊತ್ತು?

ಕೆಲವರಿಗೆ ಹೊಲಗದ್ದೆಯ ಹೆಮ್ಮೆ, ಕೆಲವರಿಗೆ ಮೀಸೆಯ ಹೆಮ್ಮೆ. ನನ್ನದು ಭಾವಮೈದುನನ ಹೆಮ್ಮೆ. ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಇಡೀ ಅರಕಲಗೂಡಿನಲ್ಲಿ ವಿಮಾನ ಹತ್ತುವ ನೆಂಟನಿದ್ದದ್ದು ನನಗೊಬ್ಬನಿಗೇ. ನನ್ನ ಹೆಂಡತಿ ಪುಟ್ಟತಾಯಿಯ ತಮ್ಮ ನಂಜೇಗೌಡ ಕೈರೋದಲ್ಲಿ ಮಿಲಿಟರಿ ಲಾರಿಗಳ ರಿಪೇರಿ ಮಾಡುತ್ತಿದ್ದ. ನಮ್ಮ ಮಗಳು ಲಕ್ಷ್ಮಿಯ ಮದುವೆಗೆ ಇಂಥ ದಿನ ಹೊರಟು ಕರಾಚಿಯವರೆಗೆ ವಿಮಾನದಲ್ಲಿ ಬರುತ್ತೇನೆಂದು ತಂತಿ ಕೊಟ್ಟಿದ್ದ. ನನ್ನ ಜವಳಿ ಅಂಗಡಿಗೆ ಮೊಳ ಬಟ್ಟೆಗೆ ಬಂದವರೂ ಆ ತಂತಿಯ ಕಥೆ ಕೇಳದೆ ಹೋಗುವಂತಿರಲಿಲ್ಲ.

ಆದರೆ ಅವನು ಹೊತ್ತಿಗೆ ಸರಿಯಾಗಿ ಬಂದು ಮುಟ್ಟಬೇಕಲ್ಲ. ಸೋದರಮಾವ ಕೈಹಿಡಿದು ಹುಡುಗಿಯನ್ನು ಹಸೆಗೆ ಕರೆತರುವುದು ನಮ್ಮ ಪದ್ಧತಿ. ಲಕ್ಷ್ಮಿಯಂತೂ, "ಮಾವ ಬರ್ದಿದ್ರೆ ನಾನು ಕೂತಲ್ಲಿಂದ ಏಳಾಕಿಲ್ಲ ಕಣಪ್ಪ" ಎಂದುಬಿಟ್ಟಿದ್ದಳು. ನಾನು ಸ್ಕೂಲಿನ ಭೂಪಟ ತರಿಸಿ, ಕೈರೋಗೂ ಕರಾಚಿಗೂ ನಡುವೆ ಅಂಗಡಿಯ ಟೇಪು ಹಿಡಿದೆ. ಎರಡು ಸಾವಿರ ಮೈಲಿಗೂ ಮೇಲೆ ಬಂತು. ಹಾರುವುದೇನೋ ಒಂದು ಹಗಲಿನ ಕೆಲಸ. ಆದರೆ ನಡುವೆ ಬಾಗ್ದಾದು, ಬಸ್ರಾ ಇವೆಯಲ್ಲ? ಬೆಂಗಳೂರು ದಾರಿಯ ಹಿರೀಸಾವೆಯಲ್ಲಿ ಬಸ್ಸು ನಿಂತರೆ ಡ್ರೈವರು ಇಡ್ಲಿ ತಿಂದು, ಎಲೆಅಡಿಕೆ ಹಾಕಿಕೊಂಡು, ಇಳಿದವರೆಲ್ಲ ಮತ್ತೆ ಹತ್ತಿದ ಮೇಲೆ ತಾನೇ ಹೊರಡುವುದು! ಅಂಥ ದೊಡ್ಡ ಊರುಗಳಲ್ಲಿ ವಿಮಾನಕ್ಕೆ ಅದರ ನಾಲ್ಕರಷ್ಟಾದರೂ ಬೇಡವೇ? ಸಾಲದ್ದಕ್ಕೆ ದಿನಕ್ಕೊಂದು ರಾಹುಕಾಲ. ಅಷ್ಟೆತ್ತರಕ್ಕೆ ಹೋಗುವವನು ಅದನ್ನು ನೋಡದೆ ಹೊರಟಾನೆಯೇ? ಎಲ್ಲವನ್ನೂ ಕೂಡಿಸಿ, ಕರಾಚಿಯಿಂದೀಚೆಗೆ ರೈಲೆಂದು ಸೇರಿಸಿ, ನಂಜೇಗೌಡ ಮದುವೆಯ ದಿನ ಬೆಳಗಿನ ರೈಲಿಗೆ ಹಾಸನದಲ್ಲಿ ಇಳಿಯುತ್ತಾನೆಂದು ತೀರ್ಪು ಕೊಟ್ಟೆ.

ಕರೆತರಲು ಬೇರೆ ಯಾರನ್ನಾದರೂ ಕಳಿಸಿ ಎಂದು ಪುಟ್ಟತಾಯಿ ಗೋಗರೆದಳು. ವಿಮಾನದಲ್ಲಿ ಬರುವವನಿಗೆ ಕಂಡಕಂಡವರು ಹಾರ ಹಾಕಿದರೆ ಮರ್ಯಾದೆಯೇ? ನಸುಕಿನಲ್ಲೇ ಹಾರ ಹಿಡಿದು, ವಾಲಗದವರನ್ನೂ ಕಟ್ಟಿಕೊಂಡು ಹಾಸನಕ್ಕೆ ಹೊರಟೆ. ಬೆಳಗಿನ ರೈಲು ಬಂತು, ಅವನು ಬರಲಿಲ್ಲ. ಮುಂದಿನ ರೈಲನ್ನೂ ಕಾದೆ. ಅದರಲ್ಲೂ ಇಲ್ಲ. ಮಗಳ ಮುಖ ನೆನೆದು ಬಸ್ಸಿಗೆ ಓಡಿದೆ. ಪೆಟ್ರೋಲಿನ ಬದಲು ಇದ್ದಿಲ ಹೊಗೆಯಿಂದ ಓಡುವ ವಾಪಸಿನ ಬಸ್ಸು ದಿಣ್ಣೆ ದಿಣ್ಣೆಗೂ ನಿಂತು ಬೆಂಕಿ ಕೆದಕಿಸಿಕೊಂಡಿತು.

ಚಪ್ಪರಕ್ಕೆ ಕಾಲಿಟ್ಟಾಗ ಜನ ಊಟಕ್ಕೆ ಕೂತಿದ್ದರು. ಎಲೆಯ ಮುಂದೆ, ಕೊರಳಲ್ಲಿ ತಾಳಿಯೊಂದಿಗೆ ಲಕ್ಷ್ಮಿ. ಪಕ್ಕದಲ್ಲಿ ನಗುತ್ತ ನಂಜೇಗೌಡ. ವಿಮಾನ ಎಲ್ಲೂ ಇಡ್ಲಿಗೆ ನಿಂತಿರಲಿಲ್ಲವಂತೆ. ಕರಾಚಿಯಿಂದ ಬೆಂಗಳೂರಿಗೂ ಮಿಲಿಟರಿ ವಿಮಾನವೇ ಸಿಕ್ಕಿ, ಅಲ್ಲಿಂದ ಲಾರಿ ಹತ್ತಿ, ನಾನು ಹೊರಟ ಸ್ವಲ್ಪ ಹೊತ್ತಿಗೇ ಬಂದಿಳಿದಿದ್ದ. ಲಕ್ಷ್ಮಿಯ ಕೈಹಿಡಿದು ಹಸೆಗೆ ಕರೆತಂದದ್ದೂ ಅವನೇ. ನನ್ನ ದಾರಿ ನೋಡಿ ನೋಡಿ, ಮುಹೂರ್ತ ಮೀರುತ್ತದೆಂದು ನಮ್ಮಿಬ್ಬರ ಬದಲು ನಮ್ಮಣ್ಣ ಅತ್ತಿಗೆಯರು ಧಾರೆ ಎರೆದಿದ್ದರು.

ಪುಟ್ಟತಾಯಿ ಬಂದವಳು ದನಿ ಎತ್ತಲಿಲ್ಲ. "ನನ್ ತಮ್ಮ ಸಮುದ್ರದಾಚೆಯಿಂದ ಬಂದ. ನಿಮ್ಗೆ ಹಾಸನದಿಂದ ಬರಾಕಾಗ್ನಿಲ್ಲ" ಎಂದಳಷ್ಟೆ.

ಕೈಯಲ್ಲಿದ್ದ ಬಾಡಿದ ಹಾರವನ್ನು ನಂಜೇಗೌಡನಿಗೇ ಹಾಕಿದೆ, ಹೆಮ್ಮೆಯಿಂದಲೇ ಹಾಕಿದೆ. ಕೈರೋದಿಂದ ಕರಾಚಿಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಈಗಲೂ ಯಾರಾದರೂ ಕೇಳಿದರೆ ಎದೆಯುಬ್ಬಿಸಿ ಹೇಳುತ್ತೇನೆ. ಮಗಳ ಧಾರೆ ಹೇಗಾಯಿತೆಂದು ಕೇಳಿದರೆ ಮಾತ್ರ, ಒಳಗೆ ಪುಟ್ಟತಾಯಿ ಇದ್ದಾಳೆ, ಅವಳನ್ನೇ ಕೇಳಿ ಎನ್ನುತ್ತೇನೆ.